ಗ್ರಾಫಿಕ್ಸ್ ಸೆಟ್ಟಿಂಗ್ ಬದಲಾಯಿಸಿದ್ರೆ ಬ್ಯಾನ್ ಆಗುತ್ತಾ? ಆ್ಯಂಟಿ-ಚೀಟ್ ಗೆರೆ ಎಳೆಯೋದು ಎಲ್ಲಿ?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಕೂತು ಓದೋರಿಗೆ ಇದು ಅನುಕೂಲ. ಮಾತಿನ ಮಧ್ಯೆ ಬಂದ ಹರಟೆ ತೆಗೆದು, ಕೆಲವು ವಿವರಗಳನ್ನ ಬಿಡಿಸಿ ಬರೆದಿದೀನಿ.

ನೇರ ವಿಷಯಕ್ಕೆ ಬರ್ತೀನಿ. ದಿನವಿಡೀ ಸ್ಟ್ಯಾಂಡ್‌ಅಪ್, ಟಿಕೆಟ್, ಡಿಪ್ಲಾಯ್‌ಮೆಂಟ್ ಅಂತ ಒದ್ದಾಡಿ ರಾತ್ರಿ ಹತ್ತು ಗಂಟೆಗೆ ಊರಿನ ಗೆಳೆಯರ ಜೊತೆ ಒಂದು ಮ್ಯಾಚ್ ಆಡೋರು ನಮ್ಮಲ್ಲಿ ತುಂಬಾ ಜನ ಇದಾರೆ. ಒಬ್ಬ ಹಿಂಜೆವಾಡಿಯಲ್ಲಿ, ಇನ್ನೊಬ್ಬ ಗಚ್ಚಿಬೌಲಿಯಲ್ಲಿ, ಮತ್ತೊಬ್ಬ ಹುಬ್ಬಳ್ಳಿಯಲ್ಲೇ ಉಳಿದವನು. ಮೂರೂ ಜನ ಸೇರೋ ಕಟ್ಟೆ ಅಂದ್ರೆ ಈಗ ಆ ಆಟವೇ. ಅಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: "ನನ್ನ ಲ್ಯಾಪ್‌ಟಾಪ್‌ನಲ್ಲಿ ಆಟ ಜಗ್ಗುತ್ತೆ. ಯೂಟ್ಯೂಬ್‌ನಲ್ಲಿ ಯಾರೋ ಒಂದು ಫೈಲ್ ತಿದ್ದು, ಒಂದು ಟೂಲ್ ಹಾಕು ಅಂತಾರೆ. ಹಾಕಿದ್ರೆ ಬ್ಯಾನ್ ಆಗ್ತೀನಾ?"

ಒಂದೇ ಮಾತಲ್ಲಿ ಹೌದು ಅಂತಲೋ ಇಲ್ಲ ಅಂತಲೋ ಹೇಳೋಕಾಗಲ್ಲ. ಆದರೆ ಉತ್ತರ ಕಂಡುಕೊಳ್ಳೋಕೆ ಎರಡು ಪ್ರಶ್ನೆ ಸಾಕು. ಮೊದಲನೆಯದು, ನಾನು ಆಟದೊಳಗೆ ಯಾವ ಬಾಗಿಲಿಂದ ಕೈ ಹಾಕ್ತಿದೀನಿ? ಎರಡನೆಯದು, ಎದುರಾಳಿಗೆ ಕಾಣದ್ದು ಏನಾದ್ರೂ ನನಗೆ ಕಾಣ್ತಿದೆಯಾ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಯ ಸುತ್ತಲೇ.

ತಪ್ಪೇ ಮಾಡದವರು ಬ್ಯಾನ್ ಆದ ಕಥೆ

2023ರ ಅಕ್ಟೋಬರ್. ಕೌಂಟರ್-ಸ್ಟ್ರೈಕ್ 2 ಬಿಡುಗಡೆಯಾಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೊಸ ಡ್ರೈವರ್ ಬಿಡ್ತು. ಅದರಲ್ಲಿ ಆ್ಯಂಟಿ-ಲ್ಯಾಗ್ ಪ್ಲಸ್ ಅನ್ನೋ ಸೌಲಭ್ಯ ಈ ಆಟಕ್ಕೂ ಸಿಕ್ತು. 7000 ಸರಣಿಯ ಕಾರ್ಡ್ ಇದ್ದವರು ಕಂಪನಿಯದೇ ಅಧಿಕೃತ ಸಾಫ್ಟ್‌ವೇರ್ ತೆರೆದು ಒಂದು ಸ್ವಿಚ್ ಆನ್ ಮಾಡಿದ್ರು. ಅಷ್ಟೇ. ಕಳ್ಳ ಟೂಲ್ ಇಲ್ಲ, ಹ್ಯಾಕ್ ಇಲ್ಲ.

ಆದರೆ ಬ್ಯಾನ್ ಬಿತ್ತು! ಕೌಂಟರ್-ಸ್ಟ್ರೈಕ್ ಮಾಡೋ ವಾಲ್ವ್ ಕಂಪನಿ ಅಕ್ಟೋಬರ್ 13ರಂದು ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿತು: ಈ ಸ್ವಿಚ್ ಆನ್ ಮಾಡಬೇಡಿ, ಇದು ಆಟದ ಎಂಜಿನ್‌ನ ಡಿಎಲ್‌ಎಲ್ ಫಂಕ್ಷನ್‌ಗಳನ್ನೇ ಬೇರೆ ದಾರಿಗೆ ತಿರುಗಿಸುತ್ತೆ, ಆಟದ ಕೋಡ್ ಮುಟ್ಟಿದ್ರೆ ಬ್ಯಾನ್ ಖಚಿತ ಅಂತ. ಎಎಂಡಿ ಆ ಸೌಲಭ್ಯವನ್ನ ಹಿಂದಕ್ಕೆ ತಗೊಂಡಿತು. ಹಾಗೆ ಸಿಕ್ಕಿಬಿದ್ದವರನ್ನ ಗುರುತಿಸಿ ವಾಲ್ವ್ ಆಮೇಲೆ ಬ್ಯಾನ್ ತೆಗೆಯಿತು.

ಇದರಿಂದ ಕಲಿಯೋದು ಏನು? ಆ್ಯಂಟಿ-ಚೀಟ್‌ಗೆ ನಮ್ಮ ಉದ್ದೇಶ ಗೊತ್ತಾಗಲ್ಲ. "ಸರ್, ನಾನು ಲ್ಯಾಗ್ ಕಮ್ಮಿ ಮಾಡೋಕೆ ಹಾಕಿದ್ದು" ಅನ್ನೋದು ಅದರ ಕಿವಿಗೆ ಬೀಳಲ್ಲ. ಅದು ನೋಡೋದು ನಡೆದ ಕೆಲಸವನ್ನ. ಆಟದ ಮೆಮೊರಿಯೊಳಗೆ ಹೊರಗಿನ ಕೋಡ್ ಬಂದು ಕೂತಿದೆಯಾ, ಒಂದು ಫಂಕ್ಷನ್‌ಗೆ ಹೋಗಬೇಕಾದ ಕರೆ ನಡುವೆ ಬೇರೆ ಕಡೆ ಹಾದುಹೋಗ್ತಿದೆಯಾ, ಅಷ್ಟೇ. ಗೋಡೆಯ ಆಚೆ ನೋಡೋ ಹ್ಯಾಕ್ ಮಾಡೋದೂ ಇದೇ ಕೆಲಸ, ಲ್ಯಾಗ್ ಇಳಿಸೋಕೆ ಹೋದ ಡ್ರೈವರ್ ಮಾಡಿದ್ದೂ ಇದೇ ಕೆಲಸ. ಹೊರಗಿಂದ ನೋಡಿದ್ರೆ ಎರಡಕ್ಕೂ ವ್ಯತ್ಯಾಸ ಇಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದ್ದು ಎನ್ವಿಡಿಯಾದ ರಿಫ್ಲೆಕ್ಸ್. 2020ರಲ್ಲಿ ಬಂದ ಇದೂ ಲ್ಯಾಗ್ ಇಳಿಸೋ ತಂತ್ರವೇ. ಆದರೆ ಇದನ್ನ ಆಟ ಬರೆದವರೇ ತಮ್ಮ ಕೋಡ್‌ನೊಳಗೆ ಸೇರಿಸಿಕೊಂಡು, ಮೆನುವಿನಲ್ಲಿ ಆಯ್ಕೆಯಾಗಿ ಕೊಡ್ತಾರೆ. 2024ರಲ್ಲಿ ಎಎಂಡಿ ಕೂಡ ಆ್ಯಂಟಿ-ಲ್ಯಾಗ್ 2 ಅಂತ ಇದೇ ದಾರಿ ಹಿಡಿಯಿತು. ಗುರಿ ಅದೇ, ಬಂದ ಬಾಗಿಲು ಬೇರೆ. ಅದಕ್ಕೇ ಇದಕ್ಕೆ ಬ್ಯಾನ್ ಇಲ್ಲ.

ಅಷ್ಟಕ್ಕೂ ಸೆಟ್ಟಿಂಗ್ ಯಾಕೆ ಮುಟ್ಟಬೇಕು?

ಚಂದ ಕಾಣಲಿ ಅಂತ ಅಲ್ಲ. ಶೂಟರ್ ಆಟಗಳಲ್ಲಿ ಜನ ಚಂದವನ್ನ ಬಲಿ ಕೊಟ್ಟೇ ಆಡ್ತಾರೆ. ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡ್. 144 ಆದ್ರೆ 6.9. 240 ಆದ್ರೆ 4.2. ಮೂಲೆಯಿಂದ ಒಬ್ಬ ತಲೆ ಹಾಕಿದ ಅನ್ನಿ. 240ರಲ್ಲಿ ಆಡೋನ ಪರದೆಗೆ ಅವನು ಸ್ವಲ್ಪ ಮೊದಲೇ ಬರ್ತಾನೆ, ಅವನ ಚಲನೆಯೂ ಕಡಿಯದೆ ಕಾಣುತ್ತೆ.

ಹಾಗಾಗಿ ಸಣ್ಣ ಲ್ಯಾಪ್‌ಟಾಪ್ ಇರೋನು ಸೆಟ್ಟಿಂಗ್ ಇಳಿಸಿ ಫ್ರೇಮ್ ಏರಿಸೋದು ಮೋಸ ಅಲ್ಲ, ಹೆಚ್ಚು ದುಡ್ಡು ಹಾಕಿದವನ ಹತ್ತಿರಕ್ಕೆ ಬರೋ ಪ್ರಯತ್ನ. ಈ ಅಭ್ಯಾಸ ಹೊಸದೂ ಅಲ್ಲ. 1999ರಲ್ಲಿ ಬಂದ ಕ್ವೇಕ್ 3 ಅರೀನಾದಲ್ಲೇ ಪಿಕ್‌ಮಿಪ್ ಅನ್ನೋ ಕಮಾಂಡ್ ಕೊಟ್ಟು ಗೋಡೆ-ನೆಲದ ಚಿತ್ರಗಳನ್ನೆಲ್ಲ ಮಸುಕು ಮಾಡಿಕೊಂಡು ಆಡ್ತಿದ್ರು. ಗೋಡೆ ಸಪ್ಪೆಯಾದಷ್ಟೂ ಎದುರಾಳಿ ಎದ್ದು ಕಾಣ್ತಾನೆ. ಆಟವೇ ಕೊಟ್ಟ ಕಮಾಂಡ್ ಅದು, ಯಾರು ಬೇಕಾದ್ರೂ ಬಳಸಬಹುದಿತ್ತು.

ನಾಲ್ಕು ಬಾಗಿಲು

ನಾವೆಲ್ಲ ಬಾಡಿಗೆ ಮನೆಯವರು, ಆ ಹೋಲಿಕೆಯಲ್ಲೇ ಹೇಳ್ತೀನಿ. ಆಟ ಅನ್ನೋದು ಮಾಲೀಕರ ಮನೆ, ನಾವು ಬಾಡಿಗೆದಾರರು.

ಮೊದಲನೇ ಬಾಗಿಲು ಆಟದ ಮೆನು. ಮಾಲೀಕರೇ ಹಾಕಿಸಿಕೊಟ್ಟ ಫ್ಯಾನ್ ರೆಗ್ಯುಲೇಟರ್ ಇದ್ದ ಹಾಗೆ. ಎಷ್ಟು ಬೇಕಾದ್ರೂ ತಿರುಗಿಸಿ. ರೆಸಲ್ಯೂಷನ್, ನೆರಳು, ಆ್ಯಂಟಿ-ಅಲಿಯಾಸಿಂಗ್, ರಿಫ್ಲೆಕ್ಸ್ ಇದ್ಯಾವುದರಿಂದಲೂ ಬ್ಯಾನ್ ಆಗಲ್ಲ.

ಎರಡನೇ ಬಾಗಿಲು ಆಟ ತಾನೇ ಓದೋ ಫೈಲ್ ಮತ್ತು ಕಮಾಂಡ್‌ಗಳು. ಕೌಂಟರ್-ಸ್ಟ್ರೈಕ್‌ನಲ್ಲಿ ಆಟೋಎಕ್ಸೆಕ್ ಅನ್ನೋ ಸಾದಾ ಪಠ್ಯದ ಫೈಲ್ ಇದೆ, ಸ್ಟೀಮ್‌ನಲ್ಲಿ ಲಾಂಚ್ ಆಪ್ಷನ್ ಇದೆ. ಇವು ಮಾಲೀಕರು ಒಪ್ಪಿದ ಮೊಳೆಗಳು. ಇಲ್ಲಿ ಕಾವಲು ಆಟದೊಳಗೇ ಇದೆ. ಗೋಡೆಗಳನ್ನ ಬರೀ ತಂತಿ ಚೌಕಟ್ಟಿನ ಹಾಗೆ ತೋರಿಸೋ ಕಮಾಂಡ್‌ಗಳು ಎಂಜಿನ್‌ನಲ್ಲಿ ಇದ್ದೇ ಇವೆ. ಮ್ಯಾಪ್ ಮಾಡೋರಿಗೆ ಅವು ಬೇಕು. ಆದರೆ ಅವುಗಳಿಗೆ ಚೀಟ್ ಅನ್ನೋ ಗುರುತು ಅಂಟಿಸಿದಾರೆ. ಸರ್ವರ್‌ನಲ್ಲಿ ಎಸ್‌ವಿ-ಚೀಟ್ಸ್ ಆನ್ ಇಲ್ಲದಿದ್ರೆ ಆ ಕಮಾಂಡ್ ಟೈಪ್ ಮಾಡಿದ್ರೂ ಏನೂ ಆಗಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ ಆನ್ ಮಾಡ್ಕೊಳ್ಳಿ, ತೊಂದರೆ ಇಲ್ಲ.

ಈ ಬಾಗಿಲ ವಿಷಯದಲ್ಲಿ ಒಂದು ಎಚ್ಚರಿಕೆ. ನಿನ್ನೆ ಸರಿ ಇದ್ದದ್ದು ಇವತ್ತು ಮುಚ್ಚಿಹೋಗಬಹುದು. ನೆಗೆಯೋದು ಮತ್ತು ಗ್ರೆನೇಡ್ ಎಸೆಯೋದು ಎರಡನ್ನೂ ಒಂದೇ ಕೀಲಿಗೆ ಕಟ್ಟೋ ಪದ್ಧತಿ ಕೌಂಟರ್-ಸ್ಟ್ರೈಕ್‌ನಲ್ಲಿ ವರ್ಷಗಟ್ಟಲೆ ನಡೀತಿತ್ತು. 2024ರ ಆಗಸ್ಟ್‌ನಲ್ಲಿ ವಾಲ್ವ್ ಅದನ್ನ ನಿಲ್ಲಿಸಿತು. ಕೀಬೋರ್ಡೇ ನಮ್ಮ ಬದಲು ಕೈಚಳಕ ತೋರಿಸೋ ಸ್ನ್ಯಾಪ್ ಟ್ಯಾಪ್ ಥರದ ಸೌಲಭ್ಯಗಳನ್ನೂ ಅದೇ ದಿನ ನಿಷೇಧಿಸಿ, ಸಿಕ್ಕಿಬಿದ್ದವರನ್ನ ಮ್ಯಾಚ್‌ನಿಂದ ಹೊರಗೆ ಹಾಕೋಕೆ ಶುರು ಮಾಡಿತು. ಹಾಗಾಗಿ ಮೂರು ವರ್ಷದ ಹಿಂದಿನ ವಿಡಿಯೋ ನೋಡಿ ಕಾನ್ಫಿಗ್ ಕಾಪಿ ಹೊಡೆಯೋ ಮುಂಚೆ ದಿನಾಂಕ ನೋಡಿ.

ಮೂರನೇ ಬಾಗಿಲು ಆಟದ ಹೊರಗಿರೋದು. ಡ್ರೈವರ್ ಪ್ಯಾನೆಲ್, ವಿಂಡೋಸ್, ಮಾನಿಟರ್. ಇದು ನಮ್ಮ ಕನ್ನಡಕ ಇದ್ದ ಹಾಗೆ. ಮನೆಗೆ ಏನೂ ಆಗಲ್ಲ, ನಮ್ಮ ನೋಟ ಬದಲಾಗುತ್ತೆ. ಎನ್ವಿಡಿಯಾ ಪ್ಯಾನೆಲ್‌ನಲ್ಲಿ ಡಿಜಿಟಲ್ ವೈಬ್ರೆನ್ಸ್ ಏರಿಸಿ ಬಣ್ಣ ಗಾಢ ಮಾಡ್ಕೊಳ್ಳೋದು, ಮಾನಿಟರ್‌ನಲ್ಲೇ ಕತ್ತಲ ಜಾಗ ಬೆಳಗಿಸೋ ಗುಂಡಿ ಒತ್ತೋದು, ಇವೆಲ್ಲ ಆಟದ ಚಿತ್ರ ತಯಾರಾಗಿ ಹೊರಗೆ ಬಂದ ಮೇಲೆ ನಡೆಯೋ ಕೆಲಸ.

ಹೆಸರುವಾಸಿಯಾದ 4:3 ಸ್ಟ್ರೆಚ್ ಕೂಡ ಇಲ್ಲೇ ಬರುತ್ತೆ. ಕೌಂಟರ್-ಸ್ಟ್ರೈಕ್‌ನಲ್ಲಿ 1280-960 ಇಟ್ಟು ಅಗಲ ಪರದೆಗೆ ಎಳೆದ್ರೆ ಎದುರಾಳಿ ಮೂರನೇ ಒಂದು ಭಾಗದಷ್ಟು ದಪ್ಪ ಕಾಣ್ತಾನೆ. ಪುಕ್ಕಟೆ ಲಾಭ ಅನ್ಕೋಬೇಡಿ. 16:9ರಲ್ಲಿ ಅಡ್ಡಕ್ಕೆ ಸುಮಾರು 106 ಡಿಗ್ರಿ ಕಾಣೋದು ಇಲ್ಲಿ 90ಕ್ಕೆ ಇಳಿಯುತ್ತೆ. ಪಕ್ಕದಲ್ಲಿ ನಿಂತವನು ಪರದೆಯಿಂದಲೇ ಆಚೆ ಹೋಗ್ತಾನೆ. ಎದುರಾಳಿ ದಪ್ಪಗಾದಷ್ಟೇ ವೇಗವಾಗಿ ಪರದೆ ಮೇಲೆ ಓಡ್ತಾನೆ ಕೂಡ. ಕೊಟ್ಟು ತಗೊಳ್ಳೋ ವ್ಯವಹಾರ ಇದು, ಅದಕ್ಕೇ ಯಾರೂ ತಕರಾರು ಮಾಡಲ್ಲ.

ನಾಲ್ಕನೇ ಬಾಗಿಲು ಆಟದ ಪ್ರೊಸೆಸ್‌ನೊಳಗೆ ಡಿಎಲ್‌ಎಲ್ ತೂರಿಸೋದು ಅಥವಾ ಆಟದ ಮೂಲ ಫೈಲ್‌ಗಳನ್ನ ತಿದ್ದೋದು. ಇದು ಕರೆಂಟ್ ಮೀಟರ್ ಬಿಚ್ಚಿ ವೈರ್ ಸೇರಿಸಿದ ಹಾಗೆ. ನೀವು ಒಂದೇ ಬಲ್ಬ್ ಉರಿಸಿದ್ರೂ ಅಪರಾಧ ಅಪರಾಧವೇ.

ಗೊಂದಲ ಆಗೋದು ಇಲ್ಲೇ, ಯಾಕಂದ್ರೆ ಒಳ್ಳೆ ಹೆಸರಿನ ಟೂಲ್‌ಗಳೂ ಈ ಬಾಗಿಲಿಂದಲೇ ಬರುತ್ತವೆ. ರೀಶೇಡ್ ನೋಡಿ. ಬಣ್ಣ, ಹೊಳಪು ತಿದ್ದೋ ಸೊಗಸಾದ ಟೂಲ್, ಒಬ್ಬರೇ ಆಡೋ ಆಟಗಳಿಗೆ ಹಬ್ಬ. ಆದರೆ ಅದು ಕೆಲಸ ಮಾಡೋದು ಗ್ರಾಫಿಕ್ಸ್ ಡಿಎಲ್‌ಎಲ್ ಜಾಗದಲ್ಲಿ ತಾನು ಕೂತು. ಅದನ್ನ ಮಾಡಿದವರಿಗೇ ಈ ಅಪಾಯ ಗೊತ್ತು. ಸಾಮಾನ್ಯ ಆವೃತ್ತಿಯಲ್ಲಿ ಆನ್‌ಲೈನ್ ಸಂಚಾರ ಕಂಡ ತಕ್ಷಣ ಡೆಪ್ತ್ ಬಫರ್ ಓದೋದನ್ನ ನಿಲ್ಲಿಸ್ತಾರೆ, ಪೂರ್ಣ ಆಡ್-ಆನ್ ಆವೃತ್ತಿಯನ್ನ ಒಬ್ಬರೇ ಆಡೋ ಆಟಕ್ಕೆ ಮಾತ್ರ ಬಳಸಿ ಅಂತಾರೆ. ಫ್ರೇಮ್ ಎಣಿಸೋ ಪಟ್ಟಿ, ರೆಕಾರ್ಡಿಂಗ್ ಓವರ್‌ಲೇಗಳೂ ಹೀಗೆ ಒಳಗೆ ಕೊಂಡಿ ಹಾಕುತ್ತವೆ. 2020ರಲ್ಲಿ ಕೌಂಟರ್-ಸ್ಟ್ರೈಕ್ ಟ್ರಸ್ಟೆಡ್ ಮೋಡ್ ತಂದು, ಸಹಿ ಇಲ್ಲದ ಡಿಎಲ್‌ಎಲ್‌ಗಳನ್ನ ಬಾಗಿಲಲ್ಲೇ ತಡೆಯೋಕೆ ಶುರು ಮಾಡ್ತು. ಆ ತಡೆಯನ್ನ ತೆಗೆದು ಆಡೋಕೂ ಆಯ್ಕೆ ಇತ್ತು, ಆದರೆ ಹಾಗೆ ಆಡಿದ್ರೆ ನಿಮ್ಮ ಟ್ರಸ್ಟ್ ಮಟ್ಟಕ್ಕೆ ಪೆಟ್ಟು ಬೀಳಬಹುದು ಅಂತ ಮೊದಲೇ ಹೇಳಿದ್ರು.

ಎರಡನೇ ಪ್ರಶ್ನೆ: ಏನು ಕಾಣ್ತಿದೆ?

ಬಾಗಿಲು ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. 2001ರಲ್ಲಿ ಆಸುಸ್ ಕಂಪನಿ ತನ್ನ ಗ್ರಾಫಿಕ್ಸ್ ಕಾರ್ಡ್ ಡ್ರೈವರ್‌ನಲ್ಲೇ ಸೀ-ಥ್ರೂ ಅನ್ನೋ ಸೌಲಭ್ಯ ಸೇರಿಸಿತ್ತು. ಗೋಡೆಗಳು ಗಾಜಿನ ಹಾಗೆ ಆಗಿಬಿಡ್ತಿದ್ವು, ಆಚೆ ನಿಂತವನು ನಿಚ್ಚಳವಾಗಿ ಕಾಣ್ತಿದ್ದ. ಆಟಗಾರರ ಲೋಕ ಕೊತಕೊತ ಕುದಿಯಿತು.

ಇದು ಹೇಗೆ ಸಾಧ್ಯ ಅಂದ್ರೆ, ಗೋಡೆಯ ಹಿಂದಿರೋ ಎದುರಾಳಿಯ ವಿವರ ಅನೇಕ ಸಲ ನಿಮ್ಮ ಕಂಪ್ಯೂಟರ್‌ಗೆ ಆಗಲೇ ಬಂದಿರುತ್ತೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಡೆಪ್ತ್ ಬಫರ್ ನೋಡಿ ಗ್ರಾಫಿಕ್ಸ್ ಕಾರ್ಡ್ ತೀರ್ಮಾನಿಸುತ್ತೆ. ಹಿಂದಿರೋದನ್ನ ಬಿಡಿಸಲ್ಲ, ಅಷ್ಟೇ. ಆ ತೀರ್ಮಾನವನ್ನ ತಿರುಚಿದ್ರೆ ಗೋಡೆ ಇದ್ದೂ ಇಲ್ಲದ ಹಾಗೆ. ರೀಶೇಡ್‌ನವರು ಆನ್‌ಲೈನ್‌ನಲ್ಲಿ ಡೆಪ್ತ್ ಬಫರ್ ಮುಚ್ಚಿದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ವಾ?

ಅದೇ ರೀತಿ ಹುಲ್ಲು. ದೊಡ್ಡ ಬಯಲಿನ ಆಟಗಳಲ್ಲಿ ದೂರದ ಹುಲ್ಲನ್ನ ಆಟವೇ ಬಿಡಿಸಲ್ಲ. ನೀವು ಹುಲ್ಲಲ್ಲಿ ಮಲಗಿ ಅಡಗಿದೀನಿ ಅನ್ಕೊಂಡಿರ್ತೀರಿ, ದೂರದವನಿಗೆ ಬೋಳು ನೆಲದ ಮೇಲೆ ಮಲಗಿರೋ ಹಾಗೆ ಕಾಣ್ತೀರಿ. ಇದು ಎಲ್ಲರಿಗೂ ಒಂದೇ, ಹಾಗಾಗಿ ನ್ಯಾಯ. ಹತ್ತಿರದ ಹುಲ್ಲನ್ನೂ ಫೈಲ್ ತಿದ್ದಿ ಅಳಿಸಿಬಿಟ್ರೆ ಅದು ನಿಮಗೆ ಮಾತ್ರ ಸಿಕ್ಕ ಕಣ್ಣು. ಅಲ್ಲಿ ಅದು ಗ್ರಾಫಿಕ್ಸ್ ಸೆಟ್ಟಿಂಗ್ ಅನ್ನಿಸಿಕೊಳ್ಳಲ್ಲ, ಹ್ಯಾಕ್ ಅನ್ನಿಸಿಕೊಳ್ಳುತ್ತೆ.

ವ್ಯಾಲರಂಟ್ ಈ ವಿಷಯದಲ್ಲಿ ಜಾಣತನ ತೋರಿಸಿದೆ. ನೋಟದ ಅಗಲವನ್ನ 103 ಡಿಗ್ರಿಗೆ ಕಟ್ಟಿಹಾಕಿದಾರೆ, ಯಾರೂ ಹಿಗ್ಗಿಸೋಕಾಗಲ್ಲ. ಎದುರಾಳಿಯ ಅಂಚಿನ ಬಣ್ಣವನ್ನ ಮಾತ್ರ ಕೆಂಪು, ನೇರಳೆ, ಹಳದಿ ಅಂತ ಆರಿಸಬಹುದು. ಬಣ್ಣಗುರುಡು ಇರೋರಿಗೆ ಅಂತ ಕೊಟ್ಟ ಆಯ್ಕೆ ಅದು. ಆದರೆ ಕಣ್ಣು ಸರಿ ಇರೋರೂ ಹಳದಿ ಇಟ್ಕೊಂಡು ಆಡ್ತಾರೆ, ಚೆನ್ನಾಗಿ ಎದ್ದು ಕಾಣುತ್ತೆ ಅಂತ. ಎಲ್ಲರಿಗೂ ತೆರೆದಿರೋದ್ರಿಂದ ಇದರಲ್ಲಿ ತಪ್ಪಿಲ್ಲ.

ಇನ್ನು ಮುಂದಿನ ಜಗಳ ಮಾನಿಟರ್‌ನಲ್ಲಿ. 2024ರ ಸಿಇಎಸ್ ಪ್ರದರ್ಶನದಲ್ಲಿ ಎಂಎಸ್‌ಐ ಕಂಪನಿ ತೋರಿಸಿದ ಮಾನಿಟರ್ ಒಂದು ಲೀಗ್ ಆಫ್ ಲೆಜೆಂಡ್ಸ್ ಆಟ ನೋಡ್ತಾ ಶತ್ರು ಯಾವ ಕಡೆಯಿಂದ ಬರಬಹುದು ಅಂತ ತಾನೇ ಎಚ್ಚರಿಸುತ್ತಿತ್ತು. ಕಂಪ್ಯೂಟರ್‌ನಲ್ಲಿ ಒಂದು ಸಾಲು ಕೋಡ್ ಓಡದೆ ಈ ಕೆಲಸ ಆದ್ರೆ ಆ್ಯಂಟಿ-ಚೀಟ್‌ಗೆ ಗೊತ್ತಾಗೋದು ಹೇಗೆ? ಬಾಗಿಲು ಮೂರನೆಯದೇ, ಕನ್ನಡಕದ್ದು. ಆದರೆ ಇಂಥ ಕನ್ನಡಕ ಎದುರಾಳಿಯ ಹತ್ತಿರ ಇಲ್ಲ. ಅದಕ್ಕೇ ಎರಡೂ ಪ್ರಶ್ನೆ ಕೇಳ್ಕೋಬೇಕು ಅಂದಿದ್ದು.

ಫೋನ್‌ನಲ್ಲಿ ಆಡೋರಿಗೆ: ಜಿಎಫ್‌ಎಕ್ಸ್ ಟೂಲ್

2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆಯ್ತು, 2021ರ ಜುಲೈನಲ್ಲಿ ಬಿಜಿಎಂಐ ಬಂತು, ನಡುವೆ ಹೋಯ್ತು, 2023ರಲ್ಲಿ ಮತ್ತೆ ಬಂತು. ಇದೆಲ್ಲದರ ಜೊತೆಗೇ ಬೆಳೆದ ಇನ್ನೊಂದು ಬೆಳೆ ಜಿಎಫ್‌ಎಕ್ಸ್ ಟೂಲ್‌ಗಳು. ನಿಮ್ಮ ಫೋನ್‌ಗೆ ಆಟ ಕೊಡದ 90 ಫ್ರೇಮ್, ಎಚ್‌ಡಿಆರ್ ಎಲ್ಲ ಬಿಡಿಸಿಕೊಡ್ತೀವಿ ಅನ್ನುತ್ತವೆ. ಮಾಡೋದು ಆಟದ ಕಾನ್ಫಿಗ್ ಫೈಲ್ ತಿದ್ದೋ ಕೆಲಸ.

"ಕೌಂಟರ್-ಸ್ಟ್ರೈಕ್‌ನಲ್ಲಿ ಫೈಲ್ ತಿದ್ದಬಹುದು ಅಂದ್ರಿ, ಇಲ್ಲಿ ಯಾಕೆ ಬೇಡ?" ಅಂತ ಕೇಳಬಹುದು. ಅಲ್ಲಿ ಮಾಲೀಕರು ಆ ಫೈಲನ್ನ ನಮಗೆ ಅಂತಲೇ ಬಿಟ್ಟಿದಾರೆ. ಇಲ್ಲಿ ಬಿಟ್ಟಿಲ್ಲ. ಬೇರೆಯವರ ಟೂಲ್ ಬಳಸಿ ಆಟ ಬದಲಾಯಿಸೋದು ನಿಯಮಕ್ಕೆ ವಿರುದ್ಧ. ಒಂದೇ ಕೆಲಸ ಒಂದು ಮನೇಲಿ ಸರಿ, ಇನ್ನೊಂದು ಮನೇಲಿ ತಪ್ಪು. ಅದರಲ್ಲೂ ಐಪ್ಯಾಡ್ ವ್ಯೂ ಅನ್ನೋದು ಇನ್ನೂ ಅಪಾಯ. ಅಗಲ ಟ್ಯಾಬ್ಲೆಟ್‌ನಲ್ಲಿ ಸಹಜವಾಗಿ ಹೆಚ್ಚು ಕಾಣೋದನ್ನ ಫೋನ್‌ನಲ್ಲಿ ಟೂಲ್ ಹಾಕಿ ತಂದುಕೊಳ್ಳೋದು ಅದು. ನಮ್ಮ ಎರಡನೇ ಪ್ರಶ್ನೆಗೂ ಅದು ಫೇಲು.

2021ರ ಡಿಸೆಂಬರ್‌ನಿಂದ ಕ್ರಾಫ್ಟನ್ ಅಕೌಂಟ್ ಮಾತ್ರ ಅಲ್ಲ, ಮೋಸಕ್ಕೆ ಬಳಸಿದ ಫೋನನ್ನೇ ಬ್ಯಾನ್ ಮಾಡೋ ವ್ಯವಸ್ಥೆ ತಂದಿದೆ. ಹೊಸ ಅಕೌಂಟ್ ಮಾಡಿದ್ರೂ ಆ ಫೋನ್‌ನಲ್ಲಿ ಆಡೋಕಾಗಲ್ಲ. ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಟೆಲಿಗ್ರಾಂ ಗುಂಪಲ್ಲಿ ಸಿಕ್ಕ ಎಪಿಕೆಗೆ ಫೈಲ್ ಪರ್ಮಿಷನ್ ಕೊಡ್ತೀರಲ್ಲ, ಅದೇ ಫೋನ್‌ನಲ್ಲಿ ನಿಮ್ಮ ಯುಪಿಐ ಇದೆ, ಸಂಬಳದ ಅಕೌಂಟ್ ಇದೆ, ಆಫೀಸ್‌ನ ಅಥೆಂಟಿಕೇಟರ್ ಇದೆ. 90 ಫ್ರೇಮ್‌ಗೋಸ್ಕರ ಕೊಡೋ ಬೆಲೆ ಅಲ್ಲ ಅದು.

ಕರ್ನಲ್ ವಿಷಯ, ಮತ್ತೆ ಆಫೀಸ್ ಲ್ಯಾಪ್‌ಟಾಪ್

ಈಗ ನಮ್ಮ ಐಟಿ ಜನ ಕಿವಿ ನಿಮಿರಿಸಿ ಕೇಳಬೇಕಾದ ಭಾಗ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್, ಕಾಲ್ ಆಫ್ ಡ್ಯೂಟಿಯ ರಿಕೋಶೆ, ಇವು ವಿಂಡೋಸ್ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುತ್ತವೆ. ವ್ಯಾನ್‌ಗಾರ್ಡ್ ಅಂತೂ ಆಟ ತೆರೆದಾಗ ಅಲ್ಲ, ಕಂಪ್ಯೂಟರ್ ಬೂಟ್ ಆಗುವಾಗಲೇ ಎದ್ದು ಕೂರುತ್ತೆ. ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎರಡೂ ಆನ್ ಇರಬೇಕು ಅನ್ನುತ್ತೆ.

ಯಾಕೆ ಇಷ್ಟು ಆಳಕ್ಕೆ? ಹ್ಯಾಕ್ ಮಾಡೋರು ಮೊದಲು ಅಲ್ಲಿಗೆ ಇಳಿದ್ರು, ಅದಕ್ಕೆ. ಅವರ ನೆಚ್ಚಿನ ದಾರಿ ಏನು ಗೊತ್ತಾ? ಸಹಿ ಇರೋ, ಆದರೆ ಲೋಪ ಇರೋ ಡ್ರೈವರ್‌ಗಳು. ಉಷ್ಣಾಂಶ ತೋರಿಸೋ, ಫ್ಯಾನ್ ವೇಗ ಬದಲಿಸೋ, ಓವರ್‌ಕ್ಲಾಕ್ ಮಾಡೋ ಟೂಲ್‌ಗಳಿಗೆ ಹಾರ್ಡ್‌ವೇರ್ ಮುಟ್ಟೋಕೆ ಕರ್ನಲ್ ಡ್ರೈವರ್ ಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆ ಬರ್ತಿದ್ದ ಆರ್‌ಟಿಕೋರ್64 ಅನ್ನೋ ಡ್ರೈವರ್‌ನ ಲೋಪವನ್ನ 2022ರಲ್ಲಿ ಬ್ಲ್ಯಾಕ್‌ಬೈಟ್ ರ‍್ಯಾನ್ಸಮ್‌ವೇರ್ ಬಳಸಿಕೊಂಡಿತ್ತು. ಹಾಗಾಗಿ ನಿಮ್ಮ ಫ್ಯಾನ್ ಟೂಲನ್ನ ಆ್ಯಂಟಿ-ಚೀಟ್ ತಡೆದ್ರೆ ಅದು ನಿಮ್ಮ ಮೇಲಿನ ಅನುಮಾನ ಅಲ್ಲ. ಆ ಡ್ರೈವರ್ ಬಾಗಿಲು ಚಿಲಕ ಇಲ್ಲದ್ದು ಅಂತ ಅರ್ಥ. ಟೂಲ್‌ನ ಹೊಸ ಆವೃತ್ತಿ ಹಾಕಿ, ಇಲ್ಲಾ ಆಡುವಾಗ ಬಿಟ್ಟುಬಿಡಿ.

ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಉಂಟು. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಆ್ಯಂಟಿ-ಚೀಟ್ ಡ್ರೈವರನ್ನೇ ಬಳಸಿ ದಾಳಿಕೋರರು ಆ್ಯಂಟಿವೈರಸ್ ಕೊಂದದ್ದನ್ನ 2022ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ವರದಿ ಮಾಡಿತು. ಅದಕ್ಕೆ ಆ ಕಂಪ್ಯೂಟರ್‌ನಲ್ಲಿ ಆಟ ಇರಬೇಕು ಅಂತಲೂ ಇರಲಿಲ್ಲ. ಇನ್ನು ಕರ್ನಲ್‌ನಲ್ಲಿ ಒಂದು ತಪ್ಪಾದ್ರೆ ಏನಾಗುತ್ತೆ ಅಂತ 2024ರ ಜುಲೈ 19ರಂದು ನಾವೆಲ್ಲ ನೋಡಿದೀವಿ. ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದ್ವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದುಕೊಟ್ರು. ಅದು ಆಟದ ಸಾಫ್ಟ್‌ವೇರ್ ಅಲ್ಲ, ನಿಜ. ಆದರೆ ಕೂತಿರೋ ಮಹಡಿ ಒಂದೇ.

ಆದ್ದರಿಂದ ಖಂಡಿತವಾಗಿ ಹೇಳ್ತೀನಿ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇಂಥ ಆಟ ಹಾಕಬೇಡಿ. ಅಡ್ಮಿನ್ ಹಕ್ಕು ಇದ್ರೂ ಬೇಡ, ಶನಿವಾರ-ಭಾನುವಾರ ಮಾತ್ರ ಅಂದ್ರೂ ಬೇಡ. ಆಟದ ಬ್ಯಾನ್ ಬಂದ್ರೆ ಹೊಸ ಅಕೌಂಟ್ ಮಾಡಬಹುದು, ಎಚ್‌ಆರ್‌ನಿಂದ ಮೇಲ್ ಬಂದ್ರೆ ಕಷ್ಟ. ಸ್ವಂತ ಕಂಪ್ಯೂಟರ್‌ನಲ್ಲಿ ಡೆವಲಪ್‌ಮೆಂಟ್ ಕೆಲಸ ಮಾಡೋರು ಆಟ ತೆರೆಯೋ ಮುಂಚೆ ಡಿಬಗರ್, ಪ್ರೊಸೆಸ್ ಹ್ಯಾಕರ್, ಚೀಟ್ ಎಂಜಿನ್ ಥರದವನ್ನ ಮುಚ್ಚಿ. ಇನ್ನೊಂದು ಪ್ರೊಸೆಸ್‌ನ ಮೆಮೊರಿ ತೆರೆದು ನೋಡೋದೇ ಅವುಗಳ ಕೆಲಸ. ನೀವು ನೋಡ್ತಿರೋದು ನಿಮ್ಮ ಕೋಡ್ ಅಂತ ಕಾವಲುಗಾರನಿಗೆ ಹೇಗೆ ಗೊತ್ತಾಗಬೇಕು?

ಹಾಗಾದ್ರೆ ಏನು ಮಾಡೋಣ?

ನಿಜ ಹೇಳಬೇಕಂದ್ರೆ ಬಹಳಷ್ಟು ಜನರಿಗೆ ಬೇಕಾದ ಫ್ರೇಮ್‌ಗಳು ಮೊದಲ ಮತ್ತು ಮೂರನೇ ಬಾಗಿಲಲ್ಲೇ ಸಿಗುತ್ತವೆ. ಈ ಕ್ರಮದಲ್ಲಿ ನೋಡ್ತಾ ಹೋಗಿ.

ಮೊದಲು ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿ, ಪವರ್ ಮೋಡ್ ಏರಿಸಿ. ಆಟ ನಿಜವಾಗ್ಲೂ ದೊಡ್ಡ ಗ್ರಾಫಿಕ್ಸ್ ಚಿಪ್‌ನಲ್ಲೇ ಓಡ್ತಿದೆಯಾ, ಒಳಗಿನ ಸಣ್ಣ ಚಿಪ್‌ನಲ್ಲಾ ಅಂತ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ನೋಡಿ. 144 ಹರ್ಟ್ಜ್ ಮಾನಿಟರ್ ತಗೊಂಡು ವಿಂಡೋಸ್‌ನಲ್ಲಿ 60ರಲ್ಲೇ ಬಿಟ್ಟಿರೋ ಮನೆಗಳು ಎಷ್ಟೋ ಇವೆ, ಅದನ್ನೂ ನೋಡಿ. ಒಂದೇ ರ‍್ಯಾಮ್ ಕಡ್ಡಿ ಇದ್ರೆ ಇನ್ನೊಂದು ಹಾಕಿಸಿ, ಎರಡು ಕಡ್ಡಿ ಇದ್ರೆ ದಾರಿ ಎರಡು ಲೇನ್ ಆದ ಹಾಗೆ. ಚೆನ್ನೈ, ಮುಂಬೈ ಸೆಕೆಯಲ್ಲಿ ಧೂಳು ತುಂಬಿದ ಫ್ಯಾನ್ ಇದ್ರೆ ಯಾವ ಸೆಟ್ಟಿಂಗೂ ಉಳಿಸಲ್ಲ. ಬಿಚ್ಚಿ ಸ್ವಚ್ಛ ಮಾಡಿಸಿ.

ಆಮೇಲೆ ಒಂದು ಪರೀಕ್ಷೆ. ಆಟದ ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್ ಏರಿದ್ರೆ ಕಷ್ಟ ಗ್ರಾಫಿಕ್ಸ್ ಚಿಪ್‌ನದು. ಆಗ ನೆರಳಿನ ಗುಣಮಟ್ಟ, ಆ್ಯಂಟಿ-ಅಲಿಯಾಸಿಂಗ್ ಇಳಿಸೋದು, ಎಫ್‌ಎಸ್‌ಆರ್ ಹಾಕೋದು ಫಲ ಕೊಡುತ್ತೆ. ಇಳಿಸಿದ್ರೂ ಫ್ರೇಮ್ ಅಲ್ಲೇ ನಿಂತ್ರೆ ಜಗ್ಗುತ್ತಿರೋದು ಪ್ರೊಸೆಸರ್. ಆಗ ಚಿತ್ರ ಎಷ್ಟು ಕೆಡಿಸಿದ್ರೂ ಉಪಯೋಗ ಇಲ್ಲ. ಹಿಂದೆ ಓಡ್ತಿರೋ ಕ್ರೋಮ್‌ನ ನಲವತ್ತು ಟ್ಯಾಬ್ ಮುಚ್ಚಿ.

ಎಲ್ಲವನ್ನೂ ಲೋ ಮಾಡೋದು ಜಾಣತನ ಅಲ್ಲ ಅನ್ನೋದೂ ನೆನಪಿರಲಿ. ಕೌಂಟರ್-ಸ್ಟ್ರೈಕ್ 2ರಲ್ಲಿ ಡೈನಾಮಿಕ್ ಶ್ಯಾಡೋಸ್ ಪೂರ್ತಿ ಆನ್ ಇಟ್ರೆ ಮೂಲೆ ಹಿಂದಿನವನ ನೆರಳು ಅವನಿಗಿಂತ ಮುಂಚೆ ಬರುತ್ತೆ. ಬೂಸ್ಟ್ ಪ್ಲೇಯರ್ ಕಾಂಟ್ರಾಸ್ಟ್ ಆನ್ ಮಾಡಿದ್ರೆ ಎದುರಾಳಿ ಗೋಡೆಯಿಂದ ಬೇರೆಯಾಗಿ ಕಾಣ್ತಾನೆ. ಇವೆರಡೂ ಮೆನುವಿನಲ್ಲೇ ಇವೆ.

ಕೊನೆಗೆ, ಪಣಕ್ಕಿರೋದು ಏನು?

ವಾಲ್ವ್‌ನ ವ್ಯಾಕ್ ಬ್ಯಾನ್ ಶಾಶ್ವತ. ಪ್ರೊಫೈಲ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಕೂರುತ್ತೆ. ಆ ಆಟದ ಸ್ಕಿನ್‌ಗಳನ್ನ ಮಾರೋಕೂ ಆಗಲ್ಲ, ಬದಲಾಯಿಸೋಕೂ ಆಗಲ್ಲ. ಎಎಂಡಿ ಪ್ರಕರಣದಲ್ಲಿ ಬ್ಯಾನ್ ವಾಪಸ್ ಬಂತು ನಿಜ. ಎರಡು ದೊಡ್ಡ ಕಂಪನಿಗಳ ನಡುವಿನ ವಿಷಯ ಅದು, ಯಾರು ಸಿಕ್ಕಿಬಿದ್ದರು ಅಂತ ಗುರುತಿಸೋಕೂ ಆಯ್ತು. ಟೆಲಿಗ್ರಾಂನ ಟೂಲ್ ಹಾಕಿ ಬ್ಯಾನ್ ಆದವನ ಪರ ಯಾವ ಕಂಪನಿ ಬರುತ್ತೆ? "ದುಡ್ಡು ಕೊಡಿ, ಅನ್‌ಬ್ಯಾನ್ ಮಾಡಿಸ್ತೀವಿ" ಅನ್ನೋರು ಸಿಗ್ತಾರೆ. ಅವರಿಗೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ನಾನು ಹಾಕಿ ಹದಿನೈದು ದಿನ ಆಯ್ತು, ಏನೂ ಆಗಿಲ್ಲ" ಅನ್ನೋ ಮಾತನ್ನ ನಂಬಬೇಡಿ. ವ್ಯಾಕ್ ಬೇಕಂತಲೇ ತಡ ಮಾಡಿ, ಗುಂಪಾಗಿ ಬ್ಯಾನ್ ಹಾಕುತ್ತೆ. ಯಾವ ಟೂಲ್, ಯಾವತ್ತು ಸಿಕ್ಕಿಬಿತ್ತು ಅಂತ ಹ್ಯಾಕ್ ಬರೆದವರಿಗೆ ಸುಳಿವು ಸಿಗಬಾರದು ಅಂತ. ಇವತ್ತು ಸುಮ್ಮನಿದೆ ಅಂದ್ರೆ ಒಪ್ಪಿದೆ ಅಂತ ಅಲ್ಲ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಐದು ಜನರ ತಂಡದಲ್ಲಿ ಒಬ್ಬನ ಹೆಸರಿನ ಮುಂದೆ ಆ ಕೆಂಪು ಸಾಲು ಬಂದ್ರೆ ಉಳಿದ ನಾಲ್ಕು ಜನ ಹಳೇ ಮ್ಯಾಚ್‌ಗಳನ್ನೆಲ್ಲ ಬೇರೆ ಕಣ್ಣಿಂದ ನೋಡ್ತಾರೆ. ಅವತ್ತು ಹೊಡೆದ ಆ ಅದ್ಭುತ ಶಾಟ್ ನಿಜವಾದ್ದಾ ಅಂತ. ಊರು ಬಿಟ್ಟು ಬಂದ ಮೇಲೆ ಉಳಿದಿರೋ ಒಂದೇ ಕಟ್ಟೆ ಅದು ಅಂದೆ ಅಲ್ವಾ, ಅದರ ಮೇಲೆ ಕೂರೋ ನಂಬಿಕೆಗೆ ಏಟು ಬೀಳೋದು ಬೇಡ.

ಹೊಸ ಟೂಲ್ ಕಂಡಾಗ ಆ ಎರಡೇ ಪ್ರಶ್ನೆ ಕೇಳ್ಕೊಳ್ಳಿ: ಯಾವ ಬಾಗಿಲು, ಏನು ಕಾಣ್ತಿದೆ. ಎರಡರಲ್ಲಿ ಯಾವುದಕ್ಕಾದ್ರೂ ಉತ್ತರ ತಡವರಿಸಿದ್ರೆ ಇನ್‌ಸ್ಟಾಲ್ ಗುಂಡಿ ಒತ್ತಬೇಡಿ. ನಿಮ್ಮ ಲ್ಯಾಪ್‌ಟಾಪ್ ಮಾಡೆಲ್, ಆಡೋ ಆಟ, ಈಗ ಬರ್ತಿರೋ ಫ್ರೇಮ್ ಎಷ್ಟು ಅಂತ ಕೆಳಗೆ ಬರೆದ್ರೆ, ಮುಂದಿನ ವಾರ ಅದರಲ್ಲಿ ಕೆಲವನ್ನ ತಗೊಂಡು ಒಂದೊಂದೇ ಸೆಟ್ಟಿಂಗ್ ಬದಲಾಯಿಸಿ ತೋರಿಸ್ತೀನಿ. ಸಿಗೋಣ.